ಅರ್ಧ ಬನ್ಸು, ಅರವತ್ತು ಮೈಲು

ಸಮಸ್ತ ಸಾರ್ವಜನಿಕರ ಗಮನಕ್ಕೆ. ಏಪ್ರಿಲ್ ನಾಲ್ಕನೇ ತಾರೀಕು ಶನಿವಾರ ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ, ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಎದುರಿನ ಸಸ್ಯಾಹಾರಿ ಹೋಟೆಲಿನ ಕಿಟಕಿ ಪಕ್ಕದ ಮೇಜಿನ ಮೇಲೆ ಅರ್ಧ ತಿಂದ ಬನ್ಸ್ ಒಂದು ಅನಾಥ ಸ್ಥಿತಿಯಲ್ಲಿ ಪತ್ತೆಯಾಗಿರುತ್ತದೆ. ವಾರಸುದಾರರು ಕೋಪದಲ್ಲಿ ಎದ್ದು ಹೋಗಿರುತ್ತಾರೆ. ತಟ್ಟೆ ತೆಗೆಯಬೇಕೋ ಬಿಡಬೇಕೋ ತಿಳಿಯದೆ ಸಪ್ಲೈಯರ್ ಚನಿಯಪ್ಪ ಒರೆಸುವ ಬಟ್ಟೆ ಹಿಡಿದು ನಿಂತಿರುತ್ತಾರೆ.

ವಾರಸುದಾರರ ಹೆಸರು ಸಾತ್ವಿಕಾ. ಅಳದಂಗಡಿಯ ಜೈನರ ಮನೆಯವಳು, ಇಲ್ಲಿ ಕಾಲೇಜಿನಲ್ಲಿ ಭೂಗೋಳದ ಲೆಕ್ಚರರ್. ಮಳೆಯ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಅದಕ್ಕಾಗಿ ಅರಬ್ಬೀ ಸಮುದ್ರ ಎಲ್ಲಿ ಬಿಸಿ, ಎಲ್ಲಿ ತಣ್ಣಗೆ ಎಂದು ಉಪಗ್ರಹದ ಲೆಕ್ಕ ಹಿಡಿದು ವಾರವಾರ ಬಣ್ಣದ ನಕ್ಷೆ ಬರೆಯುತ್ತಾಳೆ.

ಕೋಪಕ್ಕೆ ಕಾರಣನಾದವನು ಬಂಟ್ವಾಳದ ಶ್ರವಣ್ ಶೆಟ್ಟಿ. ಅವನ ಸೋದರಮಾವ ಮುಂಡಪ್ಪ ಶೆಟ್ಟರಿಗೆ ಮಂಗಳೂರಿನ ಮೀನುಗಾರಿಕಾ ಧಕ್ಕೆಯಲ್ಲಿ ಬಂಗುಡೆ ಮೀನು ಹಿಡಿಯುವ ಒಂದು ಬೋಟು ಉಂಟು. ಆ ಬೋಟಿನಲ್ಲಿ ಪ್ರವಾಸಿಗರನ್ನು ಆಳಸಮುದ್ರಕ್ಕೆ ಕರೆದುಕೊಂಡು ಹೋಗಿ, ಮೂತಿಯಲ್ಲಿ ಖಡ್ಗ ಹೊತ್ತು ತಿರುಗುವ ಕತ್ತಿಮೀನಿಗೆ ಗಾಳ ಹಾಕಿಸಬೇಕೆಂಬುದು ಶ್ರವಣನ ಮಹಾಯೋಜನೆ. ಮಾವ ಒಪ್ಪಿದ್ದರು, ಷರತ್ತಿನ ಮೇಲೆ. ಜೂನ್ ಒಂದಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾಗಿ ಸಮುದ್ರ ಬಂದ್ ಆಗುವುದರೊಳಗೆ ಒಂದಾದರೂ ಕತ್ತಿಮೀನು ಕಣ್ಣಿಗೆ ಬೀಳಬೇಕು. ಬೀಳದಿದ್ದರೆ ಬೋಟು ಬಂಗುಡೆಗೆ, ಶ್ರವಣ ಮಸ್ಕತ್ತಿಗೆ. ಅಲ್ಲಿ ದೊಡ್ಡಮ್ಮನ ಮಗನ ಹೋಟೆಲಿನ ಕ್ಯಾಶ್ ಕೌಂಟರು ಅವನಿಗಾಗಿ ಬಾಯಿ ತೆರೆದು ಕಾಯುತ್ತಿತ್ತು.

ಪೇಪರಿನಲ್ಲಿ ಸಾತ್ವಿಕಾಳ ನಕ್ಷೆ ನೋಡಿ ಹುಡುಕಿಕೊಂಡು ಬಂದವನು, ಕತ್ತಿಮೀನು ಎಲ್ಲಿ ಸಿಗುತ್ತದೆ ಎಂದು ಗುರುತು ಹಾಕಿ ಕೊಡಬೇಕೆಂದು ಕೇಳಿದ. ತಾನು ಜೈನಳು ಎಂದು ಅವಳು ನಿಧಾನವಾಗಿ ತಿಳಿಸಿದಳು.

"ಪರವಾಗಿಲ್ಲ ಮೇಡಂ," ಎಂದ ಶ್ರವಣ. "ನೀವು ತಿನ್ನಬೇಕು ಅಂತ ಇಲ್ಲ. ಹುಡುಕಿ ಕೊಟ್ರೆ ಸಾಕು."

ಬನ್ಸ್ ಅನಾಥವಾದದ್ದು ಆಗ.

ಆದರೆ ಬಸ್ಸಿನ ಮೆಟ್ಟಿಲವರೆಗೆ ಹೋದವಳಿಗೆ ಒಂದು ಯೋಚನೆ ಬಂತು. ತಾನು ಹೇಳದಿದ್ದರೆ ಇವನು ಬೇರೆಯವರನ್ನು ಕೇಳುತ್ತಾನೆ. ಅವರು ಸರಿಯಾದ ಜಾಗ ಹೇಳಿಬಿಟ್ಟರೆ? ಒಂದು ಜೀವ ಉಳಿಸುವುದಕ್ಕಾಗಿ ಸಣ್ಣ ಸುಳ್ಳು ಹೇಳಿದರೆ ಪಾಪ ಎಷ್ಟು ಹತ್ತೀತು ಎಂದು ಮನಸ್ಸಿನಲ್ಲೇ ಅಳೆದು, ವಾಪಸು ಬಂದು ಕೂತಳು.

ಮೀನಿನ ವಿಷಯವನ್ನೆಲ್ಲ ಸತ್ಯವಾಗಿಯೇ ವಿವರಿಸಿದಳು. ಕಡಲಿನ ನೆಲ ಇದ್ದಕ್ಕಿದ್ದಂತೆ ಜಾರಿ ಐನೂರು ಮೀಟರ್ ಆಳಕ್ಕೆ ಇಳಿಯುವ ಅಂಚು ಬೇಕು. ಬಿಸಿ ನೀರು, ತಣ್ಣೀರು ಸೇರುವ ಗೆರೆ ಬೇಕು. ನೀರಿನ ಬಣ್ಣ ಹಸಿರು ಬಿಟ್ಟು ಕಡುನೀಲಿ ಆಗಿರಬೇಕು. ಹಗಲೆಲ್ಲ ಅದು ಕೆಳಗೆ ಇರುತ್ತದೆ, ಕತ್ತಲಾದ ಮೇಲೆ ಮೇಲೆ ಬರುತ್ತದೆ. ಇಷ್ಟು ಹೇಳಿ, ಇದ್ಯಾವುದೂ ಇಲ್ಲದ ಒಂದು ಜಾಗವನ್ನು ಚೀಟಿಯಲ್ಲಿ ಬರೆದುಕೊಟ್ಟಳು.

ಶ್ರವಣ ಮಂಗಳವಾರ ಹೋದ. ಗಾಳಕ್ಕೆ ಸಿಕ್ಕಿದ್ದು ಗಾಳಿ. ಶನಿವಾರ ಬಂದು ವರದಿ ಒಪ್ಪಿಸಿದ. ಅವಳು ಅಯ್ಯೋ ಪಾಪ ಎಂದು ಇನ್ನೊಂದು ಚೀಟಿ ಕೊಟ್ಟಳು.

ಹೀಗೆ ಏಳು ವಾರ. ಒಂದು ವಾರ ಗಾಳಿಯ ದಿಕ್ಕು ಸರಿ ಇರಲಿಲ್ಲ. ಒಂದು ವಾರ ಚಂದ್ರನದ್ದೇ ತಪ್ಪು. ಇನ್ನೊಂದು ವಾರ ಮೋಡ ಅಡ್ಡ ಬಂದು ಉಪಗ್ರಹಕ್ಕೆ ಕಣ್ಣು ಕಾಣಲಿಲ್ಲ. ಬೋಟು ನಡೆಸುವ ತಾಂಡೇಲ ಮೂಸಾ, ತನ್ನ ಮೂವತ್ತು ವರ್ಷದ ಅನುಭವದಲ್ಲಿ ಇಷ್ಟು ಶ್ರದ್ಧೆಯಿಂದ ಏನನ್ನೂ ಹಿಡಿಯದವರನ್ನು ನೋಡಿಲ್ಲ ಎಂದ. ಮುಂಡಪ್ಪ ಶೆಟ್ಟರ ತಾಳ್ಮೆ ಕರಗಿತು.

"ಮೀನು ಬೇಡ ಮಾರಾಯ," ಎಂದರು. "ಅದರ ಮೂಗಾದ್ರೂ ತೋರಿಸು."

ಸಾತ್ವಿಕಾಳಿಗೆ ಕಾಣುತ್ತಿದ್ದದ್ದು ಬೇರೆ ಮೂಗು. ಬಿಸಿಲಿಗೆ ಶ್ರವಣನ ಮೂಗಿನ ಸಿಪ್ಪೆ ಎದ್ದಿತ್ತು. ಮೂರನೇ ವಾರ ಅವಳು ಅದನ್ನು ನೋಡಿ ನಕ್ಕಳು. ಐದನೇ ವಾರ ನಗು ಬರಲಿಲ್ಲ, ಬ್ಯಾಗಿನಿಂದ ಕ್ರೀಮು ತೆಗೆದು ಮೇಜಿನ ಮೇಲೆ ಇಟ್ಟಳು. ಅವನು ಅದನ್ನು ಹಚ್ಚಿಕೊಳ್ಳದೆ, ಮಡಚಿದ ಕರ್ಚೀಫಿನಲ್ಲಿ ಸುತ್ತಿ ಅಂಗಿಯ ಕಿಸೆಗೆ ಸೇರಿಸಿದ. ಇಷ್ಟು ಜೋಪಾನ ಮಾಡುವವನು ಒಂದು ಮಾತು ಆಡಬಾರದೇ ಎಂದು ಅವಳಿಗೆ ಸಿಟ್ಟು ಬಂತು. ಅವಳು ಜಡೆಗೆ ಸಿಕ್ಕಿಸಿದ ಪೆನ್ನನ್ನು ಅವನು ನೋಡುತ್ತಾನೆ. ಅವಳು ನೋಡಿದ ಕೂಡಲೇ ನಕ್ಷೆಯನ್ನು ನೋಡುತ್ತಾನೆ. ಅಕ್ಷಾಂಶ ಗೊತ್ತು, ರೇಖಾಂಶ ಗೊತ್ತು, ಸಾರಾಂಶ ಮಾತ್ರ ಗೊತ್ತಿಲ್ಲ. ಏಳು ಶನಿವಾರದಲ್ಲಿ ಅವನು ಆಡಿದ ಏಕೈಕ ಖಾಸಗಿ ವಾಕ್ಯ, ಸೂರ್ಯ ಮುಳುಗಲು ಇನ್ನು ಹದಿನೈದು ನಿಮಿಷ ಉಂಟು, ಬೇಗ ತಿನ್ನಿ ಎಂಬುದು. ಸೂರ್ಯಾಸ್ತದ ನಂತರ ಅವಳು ಉಣ್ಣುವುದಿಲ್ಲ ಎಂಬುದನ್ನು ಅವನು ತಾನಾಗಿಯೇ ಗಮನಿಸಿದ್ದ.

ಮೇ ಇಪ್ಪತ್ತಮೂರರ ಶನಿವಾರ ಅವನು ಮಸ್ಕತ್ತಿನ ಟಿಕೆಟ್ ನೋಡುತ್ತಿದ್ದೇನೆ ಎಂದ. ಹವೆಯ ಸುದ್ದಿ ಹೇಳುವ ಸ್ವರದಲ್ಲೇ ಹೇಳಿದ. ಸಾತ್ವಿಕಾ ಬನ್ಸ್ ಮುರಿಯುತ್ತಿದ್ದವಳು ನಿಲ್ಲಿಸಿದಳು. ಅರ್ಧ ತಟ್ಟೆಯಲ್ಲೇ ಉಳಿಯಿತು. ವಾರವಿಡೀ ತನ್ನೊಡನೆ ತಾನೇ ಜಗಳವಾಡಿದ್ದ ಅವಳ ಮನಸ್ಸು ಕಡೆಗೂ ಬ್ಯಾಗಿಗೆ ಕೈ ಹಾಕಿಸಿ ಒಂದು ಚೀಟಿ ತೆಗೆಸಿತು.

"ಇದು ನಿಜವಾದ ಜಾಗ," ಎಂದಳು. "ಅರವತ್ತು ನಾಟಿಕಲ್ ಮೈಲು. ಈ ವಾರ ಎಲ್ಲ ಸರಿ ಉಂಟು. ಆಳ, ಬಿಸಿ, ಗಾಳಿ, ಎಲ್ಲ. ಇಷ್ಟರವರೆಗೆ ಕೊಟ್ಟದ್ದು ಏಳೂ ಸುಳ್ಳು. ಅಲ್ಲಿ ಇರುವುದಿಲ್ಲ ಅಂತ ಗೊತ್ತಿದ್ದೇ ಕೊಟ್ಟದ್ದು."

"ಗೊತ್ತುಂಟು," ಎಂದ ಶ್ರವಣ.

"ಏನು ಗೊತ್ತುಂಟು?"

"ಎರಡನೇ ವಾರವೇ ಗೊತ್ತಾಯ್ತು. ಬೋಟಲ್ಲಿ ಆಳ ತೋರಿಸುವ ಮಿಷನ್ ಉಂಟಲ್ಲ. ಮೂವತ್ತೈದು ಮೀಟರ್ ತೋರಿಸ್ತಿತ್ತು. ಐನೂರು ಬೇಕು ಅಂತ ನೀವೇ ಹೇಳಿದ್ದು."

"ಮತ್ತೆ ಯಾಕೆ ಹೋದದ್ದು?"

ಅವನು ಅಂದು ಮೊದಲ ಬಾರಿಗೆ ನಕ್ಷೆ ನೋಡಲಿಲ್ಲ. "ಹೋಗದಿದ್ರೆ, ಶನಿವಾರ ಇಲ್ಲಿ ಬಂದು ಸಿಗಲಿಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ?"

ಸಾತ್ವಿಕಾಳ ಕೆನ್ನೆ ಬಿಸಿಯಾಯಿತು. ಯಾವ ಉಪಗ್ರಹವೂ ಅದನ್ನು ದಾಖಲಿಸಲಿಲ್ಲ. ಆಮೇಲೆ ಸಿಟ್ಟು ಬಂತು, ಸರಿಯಾಗಿಯೇ ಬಂತು.

"ಹಾಗಾದ್ರೆ ಐದು ವಾರ ನಾನು ಪಶ್ಚಾತ್ತಾಪ ಪಟ್ಟದ್ದು ವೇಸ್ಟಾ?"

"ನನ್ನ ಮೂಗು ಹೋದದ್ದು ವೇಸ್ಟಲ್ಲ," ಎಂದ ಅವನು. "ಕ್ರೀಮು ಸಿಕ್ಕಿತು."

ಚೀಟಿಯನ್ನು ಅವನು ಅವಳ ಕಡೆಗೇ ತಳ್ಳಿದ. ಒಂದು ಮೀನಿಗೋಸ್ಕರ ಅವಳು ತನ್ನ ನಿಯಮ ಮುರಿಯುವುದು ಬೇಡ ಎಂದ. ಅವಳು ವಾಪಸು ತಳ್ಳಿದಳು. ಮೀನಿಗೋಸ್ಕರ ಅಲ್ಲ ಎಂದಳು. ಯಾರಿಗೋಸ್ಕರ ಎಂದು ಅವನು ಕೇಳಲಿಲ್ಲ, ಕಿವಿ ಮಾತ್ರ ಕೆಂಪಾದವು. ಚೀಟಿ ನಾಲ್ಕು ಬಾರಿ ಮೇಜು ದಾಟಿತು. ಕಡೆಗೆ ಒಪ್ಪಂದವಾಯಿತು. ಹಿಡಿಯುವುದು, ಮಾವನಿಗೆ ತೋರಿಸಲು ಒಂದು ಫೋಟೋ ತೆಗೆಯುವುದು, ಕೂಡಲೇ ನೀರಿಗೆ ಬಿಡುವುದು. ಗಾಳ ಚುಚ್ಚಿದರೆ ಅದಕ್ಕೆ ನೋವಾಗುವುದಿಲ್ಲವೇ ಎಂದು ಅವಳು ಕೇಳಿದಳು. ಆದಷ್ಟು ಸಣ್ಣ ಗಾಳ ಹಾಕುತ್ತೇನೆ ಎಂದ ಅವನು. ಅವಳ ಬಳಿ ಬೇರೆ ದಾರಿ ಇರಲಿಲ್ಲ. ಶ್ರವಣ ಮೂಸಾನಿಗೆ ಫೋನ್ ಮಾಡಿ, ನಾಳೆಯೇ ಹೊರಡುವ, ಡೀಸೆಲ್ ತುಂಬಿಸಿ, ಅರವತ್ತು ಮೈಲು ಎಂದು ಕಾಗದ ಮಾಡಿಸಿ ಎಂದ.

ಅರ್ಧ ಗಂಟೆಯಲ್ಲಿ ಮೂಸಾನ ಫೋನ್ ವಾಪಸು ಬಂತು. ಧಕ್ಕೆಯಲ್ಲಿ ಕಾಗದ ನೋಡುವವರು ತಡೆದಿದ್ದಾರಂತೆ. ಈ ಬೋಟಿನ ಲೈಸೆನ್ಸು ದಡದಿಂದ ಹನ್ನೆರಡು ಮೈಲಿನೊಳಗೆ ಮಾತ್ರ. ಆಚೆಗೆ ಬೇರೆ ಪರವಾನಗಿ ಬೇಕು. ಅರ್ಜಿ ಹಾಕಿದರೂ ಮಳೆಗಾಲ ಕಳೆಯದೆ ಬರುವುದಿಲ್ಲ.

ಇಷ್ಟರವರೆಗೆ ಯಾರೂ ತಡೆದಿರಲಿಲ್ಲ, ಏಕೆಂದರೆ ಸಾತ್ವಿಕಾಳ ಏಳೂ ಸುಳ್ಳುಗಳು ಹನ್ನೆರಡು ಮೈಲಿನೊಳಗೇ ಇದ್ದವು. ಸತ್ಯಕ್ಕೆ ಮಾತ್ರ ಲೈಸೆನ್ಸ್ ಇರಲಿಲ್ಲ.

ಶ್ರವಣ ತಲೆಗೆ ಕೈ ಹೊತ್ತ. ಸಾತ್ವಿಕಾ ಬೇಸರದ ಮುಖ ಮಾಡಲು ತುಂಬಾ ಪ್ರಯತ್ನಪಟ್ಟಳು, ಆಗಲಿಲ್ಲ. ಆಮೇಲೆ ಲೆಕ್ಚರರ್ ಧ್ವನಿಯಲ್ಲಿ ಒಂದು ಪ್ರಶ್ನೆ ಕೇಳಿದಳು: ಲೈಸೆನ್ಸ್ ಮಾಡಿಸಿದ್ದು ಯಾರು?

ಮಾವ. ಶ್ರವಣ ಅಲ್ಲೇ ಕೂತು ಬಂಟ್ವಾಳದಲ್ಲಿದ್ದ ಮಾವನಿಗೆ ಫೋನ್ ಮಾಡಿದ. ನೀವು ಇಟ್ಟ ಪರೀಕ್ಷೆಗೆ ನೀವೇ ಹಾಲ್ ಟಿಕೆಟ್ ಕೊಟ್ಟಿಲ್ಲ ಎಂದು ವಿನಯದಿಂದ ವಿವರಿಸಿದ. ಹಾಗಾದರೆ ಆ ಪರವಾನಗಿ ಬರುವವರೆಗೆ ಮಸ್ಕತ್ತು ಬೇಡ ಎಂದು ಮುಂಡಪ್ಪ ಶೆಟ್ಟರು ಫೋನ್ ಇಟ್ಟರು.

"ಜೂನಲ್ಲಿ ಸಮುದ್ರ ಬಂದ್," ಎಂದ ಶ್ರವಣ. "ಶನಿವಾರ ಬರ್ಲಿಕ್ಕೆ ನನಗೆ ಕಾರಣ ಇಲ್ಲ."

"ಕಾರಣ ಇಲ್ಲದೆ ಬನ್ನಿ," ಎಂದಳು ಸಾತ್ವಿಕಾ. ಇಷ್ಟು ಹೇಳಲು ಎಂಟು ವಾರ ಬೇಕಾಯಿತಲ್ಲ ಎಂದು ಅವಳಿಗೇ ರೇಗಿತು. ಅದನ್ನು ಮುಚ್ಚಿಕೊಳ್ಳಲು ತಟ್ಟೆಯಲ್ಲಿ ಉಳಿದ ಅರ್ಧ ಬನ್ಸನ್ನು ಕೈಗೆತ್ತಿಕೊಂಡಳು.

ಶ್ರವಣ ಕಿಟಕಿಯ ಹೊರಗೆ ನೋಡಿ, ಆಮೇಲೆ ಗಡಿಯಾರ ನೋಡಿದ. ಸೂರ್ಯ ಮುಳುಗಿ ಎರಡು ನಿಮಿಷ ಆಗಿತ್ತು.

ಅವಳು ಬನ್ಸನ್ನು ಕೆಳಗಿಟ್ಟಳು. ಚನಿಯಪ್ಪ ಬಟ್ಟೆ ಹಿಡಿದು ಬಂದು ನಿಂತರು. ಸಾತ್ವಿಕಾ ತಟ್ಟೆಯನ್ನು ಮೆಲ್ಲನೆ ಎದುರಿನವನ ಕಡೆಗೆ ತಳ್ಳಿದಳು.

ಈ ಬಾರಿ ಅವನು ವಾಪಸು ತಳ್ಳಲಿಲ್ಲ.