ಹಿಂದಿನ ಸೀಟಿನ ಬೆಲ್ಟು

ನನ್ನ ಮಗಳು ಮಾನಸ ದುಬೈಯಲ್ಲಿ ರಜಾದಿನಗಳಲ್ಲಿ ಪುಟ್ಟ ವಿಮಾನ ಹಾರಿಸುತ್ತಾಳೆ. ಕಳೆದ ಫೆಬ್ರವರಿಯಲ್ಲಿ, ಮರಳುಗಾಡಿನಾಚೆಯ ಸಣ್ಣ ಏರ್‌ಪೋರ್ಟಿನ ಕ್ಯಾಂಟೀನಿಗೆ ಊಟಕ್ಕೆಂದು ನನ್ನನ್ನು ಕರೆದೊಯ್ದಳು.

"ಅಮ್ಮಾ, ತೂಕ ನಿಜ ಹೇಳು. ವಿಮಾನದ ಹತ್ರ ಸುಳ್ಳು ನಡೆಯಲ್ಲ" ಎಂದು ನಕ್ಕಳು. ಖಾಲಿ ಸೀಟುಗಳಿಗೂ ಬೆಲ್ಟು ಹಾಕಬೇಕಂತೆ; ಹಿಂದಿನ ಎರಡಕ್ಕೂ ಹಾಕಿ, ಎಳೆದು ನೋಡಿದಳು.

ವಿಮಾನ ನೆಲ ಬಿಡಲು ತಡಮಾಡಿತು. "ಯಾಕೋ ಭಾರ" ಎಂದು ಗೊಣಗಿದಳು. ಮೇಲೆ ಒಮ್ಮೆ ಜೋರಾಗಿ ಕುಲುಕಿದಾಗ, ಹಿಂದಿನಿಂದ ಯಾರೋ ನನ್ನ ಭುಜದ ಮೇಲೆ ಕೈಯಿಟ್ಟರು. ತಣ್ಣನೆಯ ಕೈ. ಆದರೂ ನನಗೆ ಧೈರ್ಯ ಬಂತು. ಆಮೇಲೆ ನೋಡಿದರೆ ಮಗಳ ಎರಡು ಕೈಗಳೂ ಮುಂದೆಯೇ ಇದ್ದವು.

ಇಳಿದಾಗ ನನ್ನ ಹಿಂದಿನ ಸೀಟಿನ ಬೆಲ್ಟು ಬಿಚ್ಚಿಕೊಂಡಿತ್ತು.

ಕ್ಯಾಂಟೀನು ನಡೆಸುವ ಮಂಗಳೂರು ಕಡೆಯ ಶೇಖರಣ್ಣ, ನಾನು ಕೇಳದೆಯೇ ಬಿಸಿನೀರು ತಂದಿಟ್ಟು, ಮೂರು ತಟ್ಟೆ ಬಡಿಸಿದರು.

"ನಾವು ಇಬ್ಬರೇ" ಎಂದೆ.

"ಇನ್ನೊಬ್ಬರು ಕೈ ತೊಳೀಲಿಕ್ಕೆ ಹೋದ್ರಲ್ಲ ಅಮ್ಮ?"

ಎದುರಿನ ಕುರ್ಚಿಗೆ ಯಾರೂ ಬರಲಿಲ್ಲ. ಕತ್ತಲಾಗುವ ಮುಂಚೆ ನಾವು ದುಬೈ ಸೇರಲೇಬೇಕಿತ್ತು. ರಾತ್ರಿ ಹಾರಿಸಲು ಮಾನಸಳಿಗೆ ಪರವಾನಗಿ ಇಲ್ಲ. ಆದರೂ ಅವಳು ಬಾಗಿಲಲ್ಲೇ ನಿಂತಳು. "ಅಮ್ಮಾ, ನಾವು ಯಾರನ್ನೋ ಬಿಟ್ಟು ಹೋಗ್ತಿದೀವಾ?"

ನನಗೂ ಹಾಗೇ ಅನಿಸುತ್ತಿತ್ತು. ಮತ್ತೆ ಅರ್ಧ ಗಂಟೆ ಕಾದೆವು.

ಕೊನೆಗೆ ಶೇಖರಣ್ಣನೇ ಬಂದು ಮೆಲ್ಲಗೆ ಹೇಳಿದರು: "ನೀವು ಹೊರಡಿ ಅಮ್ಮ. ಅವರು ಇಲ್ಲಿಗೇ ಅಂತ ಬಂದದ್ದಂತೆ."

ಮಾನಸ ಎರಡೂ ಬೆಲ್ಟು ಮತ್ತೆ ಹಾಕಿದಳು. ಈ ಸಲ ವಿಮಾನ ಹಗುರಾಗಿ ಎದ್ದಿತು. ದುಬೈಯಲ್ಲಿ ಇಳಿದಾಗ, ಬೆಲ್ಟುಗಳು ಹಾಕಿದ ಹಾಗೆಯೇ ಇದ್ದವು.