ಬಿಚ್ಚಲು ಬಿಡದ ಲ್ಯಾಪ್‌ಟಾಪ್

“ಮುಟ್ಟಬೇಡಿ! ಇವತ್ತೂ ಬಿಚ್ಚೋದು ಬೇಡ!”

ಸ್ಕ್ರೂಡ್ರೈವರ್ ಹಿಡಿದ ಅವಳ ಕೈ ಅಲ್ಲೇ ನಿಂತಿತು. ಲ್ಯಾಪ್‌ಟಾಪನ್ನು ಎದೆಗವಚಿಕೊಂಡಿದ್ದವನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವನು. ಪ್ರತಿ ಶನಿವಾರ ಈ ರಿಪೇರಿ ಅಂಗಡಿಗೆ ಬಂದು ತಲೆ ತಿನ್ನುತ್ತಿದ್ದುದರಿಂದ ಅವಳೂ ಅವಳ ಅಪ್ಪನೂ ಅವನಿಗಿಟ್ಟ ಹೆಸರು ‘ಪ್ರಶ್ನೆಪತ್ರಿಕೆ’!

“ಲ್ಯಾಪ್‌ಟಾಪ್ ಹಳೇದು, ತುಂಬಾ ನಿಧಾನ... ಪ್ರೊಸೆಸರ್ ಬದಲಾಯಿಸಿದ್ರೆ?”

“ಎಷ್ಟು ಸಲ ಹೇಳ್ಲಿ? ಇದರ ಪ್ರೊಸೆಸರನ್ನ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಬದಲಾಯಿಸೋಕಾಗಲ್ಲ. ಹಾರ್ಡ್ ಡಿಸ್ಕ್ ತೆಗೆಸಿ, ಅದಕ್ಕಿಂತ ಬೇಗ ಫೈಲ್ ತೆಗೆದುಕೊಡೋ ಎಸ್‌ಎಸ್‌ಡಿ ಹಾಕ್ಸಿ!”

“ಹೊಸ ಪ್ರೊಸೆಸರ್ ಇರೋ ಲ್ಯಾಪ್‌ಟಾಪೇ ತಗೊಂಡ್ರೆ?”

“ಹಾರ್ಡ್ ಡಿಸ್ಕ್ ಇದ್ರೆ ಅದೂ ತೆವಳುತ್ತೆ. ಅಡುಗೆಯವನು ಎಷ್ಟೇ ಚುರುಕಾಗಿದ್ರೂ ಸಾಮಾನು ತಂದುಕೊಡೋನು ಸೋಮಾರಿಯಾದ್ರೆ ಊಟ ಆಗುತ್ತಾ?”

“ಯೋಚಿಸಿ ಬರ್ತೀನಿ...” ಎಂದು ನಕ್ಕು ಹೊರಟ.

ಆ ನಗುವಿಗಾಗಿಯೇ ಶನಿವಾರ ಕಾಯುವುದು ಅವಳಿಗೆ ಅಭ್ಯಾಸವಾಗಿತ್ತು. ಆದರೆ ಅವತ್ತು ಬಾಗಿಲವರೆಗೆ ಬಂದು ನೋಡಿದರೆ... ಅವನು ನೇರವಾಗಿ ಎದುರಿನ ರಿಪೇರಿ ಅಂಗಡಿಗೇ ಹೋಗಿದ್ದ!

‘ಅಯ್ಯೋ ಪೆದ್ದಿ... ನಿನ್ನನ್ನ ನೋಡೋಕೆ ಬರ್ತಾನೆ ಅಂದ್ಕೊಂಡ್ಯಾ? ಇಲ್ಲಿ ಕೇಳಿ, ಅಲ್ಲಿ ಕೆಲಸ ಮಾಡಿಸ್ತಾನೆ!’

ವಾರವಿಡೀ ಅವಳಿಗೆ ಊಟ ಸೇರಲಿಲ್ಲ. ಮುಂದಿನ ಶನಿವಾರ ಅವನು ಬಾಯಿ ತೆರೆಯುವ ಮುಂಚೆಯೇ ಲ್ಯಾಪ್‌ಟಾಪ್ ಕಿತ್ತುಕೊಂಡಳು.

“ಇವತ್ತೇ ಕೊನೆ. ಎಸ್‌ಎಸ್‌ಡಿ ಹಾಕಿಕೊಡ್ತೀನಿ. ಆಮೇಲೆ ಈ ಕಡೆ ತಲೆ ಹಾಕ್ಬೇಡಿ!”

“ಬೇಡ ರೀ... ಪ್ಲೀಸ್!”

ಸ್ಕ್ರೂಗಳು ಪಟಪಟ ಉದುರಿದವು. ಮುಚ್ಚಳ ಎತ್ತಿದವಳ ಕಣ್ಣು ಅಗಲವಾಯಿತು. ಒಳಗೆ ಆಗಲೇ ಎಸ್‌ಎಸ್‌ಡಿ ಕೂತಿತ್ತು... ಅದರ ಮೇಲೆ ದಟ್ಟ ಧೂಳು!

“ಇದು ನಿನ್ನೆ ಮೊನ್ನೆ ಹಾಕಿಸಿದ್ದಲ್ಲ... ಹಾಗಾದ್ರೆ ನಿಧಾನ ಅಂದಿದ್ದು?”

“ಸುಳ್ಳು,” ಅವನು ತಲೆ ತಗ್ಗಿಸಿದ. “ಮೊದಲ್ನೇ ದಿನ ಮೌಸ್ ಕೊಳ್ಳೋಕೆ ಬಂದಿದ್ದೆ. ನಿಮ್ಮನ್ನ ನೋಡಿ ಬಾಯಿಗೆ ಏನೇನೋ ಬಂತು. ಬಿಚ್ಚಿದ್ರೆ ಗೊತ್ತಾಗ್ಬಿಡುತ್ತಲ್ಲ...”

“ಮತ್ತೆ ಎದುರಿನ ಅಂಗಡಿಗೆ ಯಾಕೆ ಹೋದ್ರಿ?” ಎನ್ನುತ್ತ ಅವಳು ಕಣ್ಣೊರೆಸಿಕೊಂಡಳು.

“ನನ್ನ ಪ್ರಶ್ನೆಗಳು ಖಾಲಿಯಾಗಿದ್ವು! ನಿಮ್ಮನ್ನ ಕೇಳೋಕೆ ಹೊಸದು ಕಲಿಯೋಣ ಅಂತ ಹೋಗಿದ್ದೆ!”

ಅವಳು ಅಳುತ್ತಲೇ ನಕ್ಕುಬಿಟ್ಟಳು. ಮೂಲೆಯಲ್ಲಿ ಪ್ರಿಂಟರ್ ಒರೆಸುತ್ತಿದ್ದ ಅಪ್ಪ ಕೆಮ್ಮಿ ಎದ್ದರು.

“ಪ್ರಶ್ನೆಪತ್ರಿಕೆಗೆ ಉತ್ತರ ಕೊಡಮ್ಮಾ. ನಾನು ಟೀ ಕುಡಿದು ಬರ್ತೀನಿ.”

ಅಂಗಡಿಯಲ್ಲಿ ಇಬ್ಬರೇ ಉಳಿದರು.

“ಮುಂದಿನ ಶನಿವಾರ... ಬರಲಾ?”

“ಬನ್ನಿ. ಲ್ಯಾಪ್‌ಟಾಪ್ ಮನೇಲಿಟ್ಟು ಬನ್ನಿ,” ಎಂದವಳು ಮೆಲ್ಲಗೆ ಕೇಳಿದಳು, “ಆಮೇಲೆ ಮನಸ್ಸು ಬದಲಾಯಿಸಲ್ಲ ತಾನೇ?”

“ಬೋರ್ಡಿಗೇ ಬೆಸುಗೆ ಬಿದ್ದಾಯ್ತು ರೀ... ನೀವೇ ಹೇಳಿದ್ರಲ್ಲ, ಬದಲಾಯಿಸೋಕಾಗಲ್ಲ ಅಂತ!”