ಬೆನ್ನು ತಿರುಗಿಸಿ ಹಾಡಿದ ಮಕ್ಕಳು

ಪ್ರಾಣಿಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲ. ಕುಂಕುಮಾವತಿ ಅಂತ ಒಂದು ರಾಜ್ಯ. ಅಲ್ಲಿನ ಅರಮನೆಯ ಮುಂದೆ ಒಂದು ದೊಡ್ಡ ರಂಗಸ್ಥಳ. ಹಬ್ಬ ಬಂತೆಂದರೆ ರಾಜಕುಮಾರಿಯೂ ಮಂತ್ರಿಯ ಮಕ್ಕಳೂ ಜರತಾರಿ ಉಟ್ಟು ಅಲ್ಲಿ ನಿಂತು ಹಾಡುತ್ತಿದ್ದರು, ಕೇಳಿದವರೆಲ್ಲ ತಲೆದೂಗುತ್ತಿದ್ದರು.

ನಿಜ ಹೇಳಬೇಕೆಂದರೆ ಅವರು ಬಾಯಿ ಆಡಿಸುತ್ತಿದ್ದರು ಅಷ್ಟೆ. ಹಾಡುತ್ತಿದ್ದದ್ದು ಅವರ ಹಿಂದಿನ ತೆರೆಯ ಮರೆಯಲ್ಲಿ ನಿಂತ, ಹೊಳೆಯಾಚೆಯ ಕೇರಿಯ ಶಾಲೆಯ ಮಕ್ಕಳು. ಇಟ್ಟಿಗೆ ಸುಡುವವರ ಮಕ್ಕಳು, ಪೊರಕೆ ಕಟ್ಟುವವರ ಮಕ್ಕಳು. ಕಳಿಸದಿದ್ದರೆ ಕೇರಿಗೇ ಬೆಂಕಿ ಹಚ್ಚುತ್ತೇನೆ ಎಂದು ಮಂತ್ರವಾದಿ ಧೂಮಾಕ್ಷ ಹೆದರಿಸಿದ್ದ. ತೆರೆ ನೇಯ್ದವನೂ ಅವನೇ. ಅದು ದನಿ ತಿನ್ನುವ ತೆರೆ. ಹಬ್ಬಕ್ಕೊಬ್ಬರಂತೆ ಸರದಿಯಲ್ಲಿ ಅದರ ಹಿಂದೆ ಹಾಡು ಎತ್ತಿಕೊಡುತ್ತಿದ್ದ ಮಗು ಹಾಡು ಮುಗಿಯುವಷ್ಟರಲ್ಲಿ ಮೂಕವಾಗುತ್ತಿತ್ತು, ಧೂಮಾಕ್ಷನ ಆಯುಸ್ಸು ಅಷ್ಟು ಬೆಳೆಯುತ್ತಿತ್ತು. ರಾಜನಿಗೆ ಇದೊಂದೂ ಗೊತ್ತಿರಲಿಲ್ಲ. ಮಗಳು ಎಷ್ಟು ಚೆನ್ನಾಗಿ ಹಾಡುತ್ತಾಳೆ ಎಂದು ಹಿಗ್ಗುವುದರಲ್ಲೇ ಪುಣ್ಯಾತ್ಮನ ಹೊತ್ತು ಹೋಗುತ್ತಿತ್ತು.

ಕೇರಿಯ ಶಾಲೆಯಲ್ಲಿ ಹಾಡು ಕಲಿಸುತ್ತಿದ್ದವಳು ಈರಜ್ಜಿ. ಅವಳ ದನಿಯನ್ನು ತೆರೆ ನುಂಗಿದಾಗ ಅವಳಿಗೆ ಏಳು ವರ್ಷ. ಈಗ ಹಲ್ಲೆಲ್ಲ ಉದುರಿದ ಮುದುಕಿ. ಪದ ಹೇಳಿಕೊಡುವುದು ಮೊಮ್ಮಗಳು ಹೊನ್ನಿಯ ಕೆಲಸ, ರಾಗ ತೋರಿಸುವುದು ಅಜ್ಜಿಯ ಕೈ. ಕೈ ಮೇಲೇರಿದರೆ ದನಿ ಏರಬೇಕು, ಇಳಿದರೆ ಇಳಿಯಬೇಕು. ತೆರೆಯ ಹಿಂದೆ ಹಾಡುವಾಗಲೂ ಅಜ್ಜಿ ಹಿಂಗೋಡೆಗೆ ಒರಗಿ ಕೂತು ಕೈ ಆಡಿಸುತ್ತಿದ್ದಳು. ಅರಮನೆಯವರ ಕಡೆ ಮುಖ ಮಾಡಿದರೆ ಮಹಾಪಾಪ ಎಂದು ಮಕ್ಕಳಿಗೆ ಹೇಳಿಟ್ಟಿದ್ದರು. ಹಾಗಾಗಿ ಅವು ಗೋಡೆಗೆ ಮುಖ ಮಾಡಿ, ಆ ಕೈಯನ್ನೇ ನೋಡಿಕೊಂಡು ಹಾಡುತ್ತಿದ್ದವು.

ಆ ವರ್ಷದ ಹಬ್ಬಕ್ಕೆ ಹೊನ್ನಿಯ ತಂಗಿ ತಿಮ್ಮಿಯ ಸರದಿ ಬಂತು.

"ಅಕ್ಕಾ, ನನ್ ದನಿ ಹೋದ್ಮೇಲೆ ನಿನ್ನ ಹೆಂಗೆ ಕೂಗ್ಲಿ?" ಎಂದು ತಿಮ್ಮಿ ಕೇಳಿದಳು.

ಹೊನ್ನಿ ತಂಗಿಯನ್ನು ತಬ್ಬಿಕೊಂಡಳು. ತೆರೆಯ ಹಗ್ಗಕ್ಕೆ ರಂಗಸ್ಥಳದ ನೆಲಮಾಳಿಗೆಯಲ್ಲಿ ಮೂರು ಗಂಟು ಹಾಕಿದ್ದಾರೆ ಎಂದು ಕೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಬ್ಬದ ದಿನ ಬೆಳಗ್ಗೆ ಅವಳು ಅಲ್ಲಿಗೆ ಇಳಿದಳು.

ಮೊದಲ ಗಂಟಿನ ಮೇಲೆ ಸರ್ಪವಿತ್ತು. "ಯಾರ ಅಪ್ಪಣೆ ತಗೊಂಡು ಬಂದೆ?" ಎಂದಿತು.

"ಅಪ್ಪಣೆ ಇಲ್ಲ. ತಂಗಿ ಇದಾಳೆ," ಎಂದಳು ಹೊನ್ನಿ.

"ಹಾಗಾದರೆ ಕೂತು ನನ್ನ ಆಟ ನೋಡು. ನೋಡಿದವರೆಲ್ಲ ನಡುವೆಯೇ ಓಡಿಹೋದರು."

ಸರ್ಪ ಹೆಡೆಬಿಚ್ಚಿ ಆಡಿತು. ಹೆಡೆ ಕೆನ್ನೆ ಸವರಿದರೂ ಹೊನ್ನಿ ಏಳಲಿಲ್ಲ. ಆಟ ಮುಗಿದ ಮೇಲೆ ಸರ್ಪವೇ ಗಂಟು ಬಿಚ್ಚಿತು. "ತೆರೆ ಬಿದ್ದರಷ್ಟೇ ಸಾಲದು ಮಗಳೇ. ಎದುರಿಗೆ ಕೂತವರು ಹಾಡಿದವರ ಮುಖ ನೋಡಬೇಕು. ಆಗಲೇ ಮಾಯೆ ಮುರಿಯುವುದು," ಎಂದಿತು.

ಎರಡನೆಯ ಗಂಟಿನ ಮೇಲೆ ಕರಡಿಯಿತ್ತು. ಅದಕ್ಕೂ ಅದೇ ಆಸೆ. ಅದು ಕುಣಿದರೆ ಮೇಲಿನಿಂದ ಮಣ್ಣು ಉದುರಿ ಕಣ್ಣಿಗೆ ಬೀಳುತ್ತಿತ್ತು. ಹೊನ್ನಿ ಕಣ್ಣು ಮುಚ್ಚದೆ ನೋಡಿದಳು. ಕರಡಿ ಗಂಟು ಬಿಚ್ಚಿತು.

ಮೂರನೆಯದರ ಮೇಲೆ ಮುದಿ ಸಿಂಹ. "ನನ್ನ ಗರ್ಜನೆ ಮರೆತುಹೋಗಿದೆ. ನೆನಪಾಗುವ ತನಕ ಕೂತಿರುತ್ತೀಯಾ?" ಎಂದು ಕೇಳಿತು.

ಅಷ್ಟರಲ್ಲಿ ಮೇಲೆ ಮದ್ದಳೆ ಸದ್ದು ಶುರುವಾಯಿತು. ಹಿಂದೆಯೇ ತಿಮ್ಮಿಯ ದನಿ. ಓಡಿಹೋಗಿ ತಂಗಿಯ ಬಾಯಿ ಮುಚ್ಚಿಬಿಡೋಣ ಎನ್ನಿಸಿತು ಹೊನ್ನಿಗೆ. ಆದರೆ ಎದ್ದರೆ ಗಂಟು ಹಾಗೇ ಉಳಿಯುತ್ತದೆ, ಮುಂದಿನ ಹಬ್ಬಕ್ಕೆ ಇನ್ನೊಂದು ಮಗು ಬರುತ್ತದೆ. ಅವಳು ಕೂತಳು. ಸಿಂಹ ಕೆಮ್ಮಿತು, ಗಂಟಲು ಸರಿಮಾಡಿಕೊಂಡಿತು, ಮತ್ತೆ ಕೆಮ್ಮಿತು. ಮೇಲೆ ತಿಮ್ಮಿಯ ದನಿ ಸಣ್ಣಗಾಗುತ್ತ ಬಂದು ಅರ್ಧ ಸಾಲಿಗೆ ನಿಂತುಹೋಯಿತು. ಹೊನ್ನಿ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಅಳುತ್ತಲೇ ಸಿಂಹವನ್ನು ನೋಡಿದಳು. ಆಗ ಸಿಂಹ ಗರ್ಜಿಸಿತು, ಕೊನೆಯ ಗಂಟೂ ಬಿಚ್ಚಿಕೊಂಡಿತು.

ಮೇಲೆ ತೆರೆ ಕುಸಿದು ಬಿತ್ತು. ಮುಂದೆ ರಾಜಕುಮಾರಿ ಬಾಯಿ ತೆರೆದುಕೊಂಡು ನಿಂತಿದ್ದಳು, ಬಾಯಿಂದ ಸದ್ದೇ ಇಲ್ಲ. ಅವಳ ಹಿಂದೆ ಹರಕು ಅಂಗಿಯ ಮಕ್ಕಳ ಬೆನ್ನುಗಳು. ಧೂಮಾಕ್ಷ ಗಹಗಹಿಸಿ ನಕ್ಕ. "ಬೆನ್ನು ನೋಡಿ ಮಾಯೆ ಮುರಿಯುತ್ತದೇನು?" ಎಂದ.

ಹೊನ್ನಿ ಓಡಿಬಂದು, "ಈ ಕಡೆ ತಿರುಗ್ರೋ! ಜನ ಇಲ್ಲಿದಾರೆ!" ಎಂದು ಕೂಗಿದಳು. ಒಂದು ಮಗುವೂ ತಿರುಗಲಿಲ್ಲ. ಹುಟ್ಟಿದಾಗಿನಿಂದ ಪಾಪ ಎಂದು ಕಲಿತದ್ದನ್ನು ಅವು ಒಂದು ಕೂಗಿಗೆ ಹೇಗೆ ಮಾಡಿಯಾವು? ಅಜ್ಜಿಯ ಕೈಯನ್ನೇ ನೋಡುತ್ತಿದ್ದವು.

ಹೊನ್ನಿ ರಾಜನ ಮುಂದೆ ಕೈಮುಗಿದಳು. "ಬುದ್ಧೀ, ಅವಕ್ಕೆ ತಿರುಗೋಕೆ ಬರಲ್ಲ. ನೀವೇ ಆ ಕಡೆ ಬರಬೇಕು."

ರಾಜ ಮಂತ್ರಿಯ ಮುಖ ನೋಡಿದ. ಮಂತ್ರಿ ನೆಲ ನೋಡಿದ. ರಾಜಕುಮಾರಿ ಮಾತ್ರ ಯಾರ ಮುಖವನ್ನೂ ನೋಡದೆ ನಡೆದುಹೋಗಿ, ಅಜ್ಜಿಯ ಪಕ್ಕ ಧೂಳಿನಲ್ಲಿ ಕೂತಳು.

"ನನ್ನ ಹಾಡು ಹಾಡುತ್ತಿದ್ದದ್ದು ನೀನಾ?" ಎಂದು ತಿಮ್ಮಿಯನ್ನು ಕೇಳಿದಳು. ತಿಮ್ಮಿ ಹೌದೆಂದು ತಲೆಯಾಡಿಸಿದಳು.

ಆಗ ರಾಜನೂ ಸಿಂಹಾಸನ ಬಿಟ್ಟೆದ್ದ. ಅವನ ಹಿಂದೆ ಸಭೆಗೆ ಸಭೆಯೇ ಎದ್ದು ಬಂತು. ಜಾಗ ಸಾಲದೆ ಒಬ್ಬರ ಮೇಲೊಬ್ಬರು ಬೀಳುವಂತೆ, ಗೋಡೆಗೆ ಒತ್ತಿಕೊಂಡು ಕೂತು ಎಲ್ಲರೂ ಆ ಮಕ್ಕಳ ಮುಖ ನೋಡಿದರು.

ಧೂಮಾಕ್ಷ ನಿಂತಲ್ಲೇ ಬೂದಿಯಾದ. ತೆರೆಯ ಎಳೆಗಳು ಬಿಚ್ಚಿಕೊಂಡು ನುಂಗಿದ ದನಿಗಳೆಲ್ಲ ಹೊರಬಂದವು. "ಅಕ್ಕಾ!" ಎಂದು ತಿಮ್ಮಿ ಚೀರಿದಳು. ಒಡೆಯರು ಸತ್ತುಹೋಗಿದ್ದ ದನಿಗಳು ಒಂದಷ್ಟು ಹೊತ್ತು ಅಲ್ಲೇ ಸುತ್ತಾಡಿದವು. ಯಾರೂ ಸಿಗದೆ ಹೊಳೆಯ ಕಡೆ ಹೋದವು.

ಈರಜ್ಜಿಯ ದನಿಯೂ ಬಂತು. ಏಳು ವರ್ಷದ ಹುಡುಗಿಯ ದನಿ. ಬೊಚ್ಚು ಬಾಯಲ್ಲಿ ಅದು ಎಷ್ಟು ಎಳೆಯದಾಗಿ ಕೇಳಿಸಿತೆಂದರೆ ಸಭೆಯಲ್ಲಿದ್ದವರು ಬೆಚ್ಚಿಬಿದ್ದರು. ಅಜ್ಜಿ ಸುತ್ತ ಕೂತಿದ್ದ ಮುಖಗಳಲ್ಲಿ ಒಂದನ್ನು ಹುಡುಕಿದಳು.

"ಅವ್ವಾ, ನಾನ್ ಹಾಡಿದ್ದು ಕೇಳಿಸ್ತಾ?"

ಅವಳ ಅವ್ವ ಮಣ್ಣಾಗಿ ಎಷ್ಟು ಕಾಲವಾಗಿತ್ತೋ. ರಾಜ ತಲೆ ತಗ್ಗಿಸಿದ. ಹೊನ್ನಿ ಅಜ್ಜಿಯನ್ನು ತೊಡೆಯ ಮೇಲೆ ಎಳೆದುಕೊಂಡು ನರೆತ ಕೂದಲು ನೇವರಿಸಿದಳು.

"ಕೇಳಿಸ್ತು ಮಗಳೇ. ಚೆಂದಾಗಿ ಕೇಳಿಸ್ತು."

ಅಲ್ಲಿಂದಾಚೆಗೆ ಕುಂಕುಮಾವತಿಯ ರಂಗಸ್ಥಳಕ್ಕೆ ಯಾರೂ ತೆರೆ ಕಟ್ಟಲಿಲ್ಲ. ಕೇರಿಯ ಮಕ್ಕಳು ಮುಂದೆ ನಿಂತು ಹಾಡಿದವು, ಕುಣಿದವು, ಎಲ್ಲರೂ ಸುಖವಾಗಿದ್ದರು. ಈರಜ್ಜಿಯೂ ಹಾಡಿದಳು. ಕರೆದಾಗಲೆಲ್ಲ ಬಂದು, ಎಳೆಯ ದನಿಯಲ್ಲಿ, ಸಾಯುವ ತನಕ ಹಾಡಿದಳು.